ಬೆಳವಣಿಗೆಯನ್ನು ನಿರ್ದೇಶಿಸುವ ಜೀನ್ ಇಲಿಯಲ್ಲಿ ಅತಿಯಾಗಿ ಕೆಲಸ ಮಾಡಿದರೆ ಅಂಗಗಳಿಗೆ ಏನಾಗುತ್ತದೆ?

ಅಂಗವನ್ನು ರೂಪಿಸುವ ಜೀನ್ ಹೆಚ್ಚು ಕೆಲಸ ಮಾಡಿದರೆ ಅಂಗವೂ ದೊಡ್ಡದಾಗಬೇಕು ಎಂಬ ಊಹೆ ಸಹಜವಾದರೂ, ಕಣ್ಣಿನ ಬೆಳವಣಿಗೆಗೆ ಅತ್ಯಗತ್ಯವಾದ ಪ್ಯಾಕ್ಸ್6 ಜೀನಿನ ವಿಷಯದಲ್ಲಿ ಅದು ನಿಜವಲ್ಲ. ಇದರ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೆ ಇಲಿಯ ಕಣ್ಣು ಚಿಕ್ಕದಾಗುತ್ತದೆ. ಎರಡೂ ಕೆಟ್ಟರೆ ಕಣ್ಣು, ಮೂಗುಗಳೇ ರೂಪುಗೊಳ್ಳದೆ ಮರಿ ಹುಟ್ಟಿದ ಕೂಡಲೇ ಸಾಯುತ್ತದೆ.

1996ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮಾನವನ ಪ್ಯಾಕ್ಸ್6 ಜೀನನ್ನು ಅದರ ಸುತ್ತಲಿನ ನಿಯಂತ್ರಕ ಡಿಎನ್‌ಎ (ಜೀನ್ ಎಲ್ಲಿ, ಯಾವಾಗ ಕೆಲಸ ಮಾಡಬೇಕೆಂದು ನಿರ್ಧರಿಸುವ ಭಾಗ) ಸಮೇತ, ಯೀಸ್ಟ್‌ನ ಕೃತಕ ವರ್ಣತಂತುವಿನ (ಉದ್ದನೆಯ ಡಿಎನ್‌ಎ ತುಣುಕನ್ನು ಹೊರಬಲ್ಲ ವಾಹಕ) ಮೂಲಕ ಇಲಿಗಳಿಗೆ ಸೇರಿಸಲಾಯಿತು. ದೋಷವಿದ್ದ ಇಲಿಗಳಲ್ಲಿ ಅದು ಕಣ್ಣಿನ ಬೆಳವಣಿಗೆಯನ್ನು ಸರಿಪಡಿಸಿತು. ಆದರೆ ದೋಷವಿಲ್ಲದ ಇಲಿಗಳಲ್ಲಿ ಹಲವು ಹೆಚ್ಚುವರಿ ಪ್ರತಿಗಳು ಸೇರಿದಾಗ ಕಣ್ಣು ಮತ್ತೆ ಚಿಕ್ಕದಾಗಿ, ವಿಕಾರಗೊಂಡಿತು. ನಿಯಂತ್ರಕ ಭಾಗಗಳೂ ಜೊತೆಗಿದ್ದುದರಿಂದ ಜೀನ್ ಬಹುಮಟ್ಟಿಗೆ ತನ್ನ ಸಹಜ ಸ್ಥಳದಲ್ಲೇ ಕೆಲಸ ಮಾಡಿತು, ಬದಲಾದದ್ದು ಮುಖ್ಯವಾಗಿ ಪ್ರಮಾಣ; ಈ ಪ್ರಯೋಗದ ನಿಜವಾದ ಬೆಲೆ ಇರುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ.

ಪ್ಯಾಕ್ಸ್6 ತಯಾರಿಸುವ ಪ್ರೋಟೀನ್ ಡಿಎನ್‌ಎಗೆ ಅಂಟಿಕೊಂಡು ಇತರ ಅನೇಕ ಜೀನುಗಳನ್ನು ಚಾಲೂ ಮಾಡುತ್ತದೆ ಅಥವಾ ತಡೆಯುತ್ತದೆ. ಆದ್ದರಿಂದ ಅದರ ಮಟ್ಟ ಏರಿದರೆ ಕೋಶಗಳು ಎಷ್ಟು ಕಾಲ ವಿಭಜಿಸಬೇಕು, ಯಾವಾಗ ಪಕ್ವವಾಗಬೇಕು ಎಂಬ ಲೆಕ್ಕವೇ ತಪ್ಪುತ್ತದೆ. ಇದೇ ಬಗೆಯ ಇಲಿಗಳ ಮಿದುಳಿನ ಹೊರಪದರದಲ್ಲಿ, ಬೆಳವಣಿಗೆಯ ಕೊನೆಯ ಹಂತದಲ್ಲಿ ಮೂಲಕೋಶಗಳ ವಿಭಜನೆ ಕುಗ್ಗಿತು. ಆದರೆ ಹೊರಪದರವು ಬೇರೆ ಬೇರೆ ಕೆಲಸಗಳ ಕ್ಷೇತ್ರಗಳಾಗಿ ಹಂಚಿಕೆಯಾಗುವ ರೀತಿ ಹೆಚ್ಚೇನೂ ಬದಲಾಗಲಿಲ್ಲ. ಎಂದರೆ, ಒಂದೇ ಜೀನಿನ ಅತಿರೇಕಕ್ಕೆ ಎಲ್ಲ ಅಂಗಗಳೂ ಒಂದೇ ರೀತಿ ಸ್ಪಂದಿಸುವುದಿಲ್ಲ.

ಮನುಷ್ಯರಲ್ಲಿ ಇದೇ ಜೀನಿನ ಒಂದು ಪ್ರತಿ ಕೆಟ್ಟಾಗ ಪಾಪೆಯ ಸುತ್ತಲಿನ ಬಣ್ಣದ ಪಟಲ ಸರಿಯಾಗಿ ಬೆಳೆಯುವುದಿಲ್ಲ. ಅದಕ್ಕೆ ಜೀನ್ ಚಿಕಿತ್ಸೆಯನ್ನು ರೂಪಿಸುವವರು ಕೊರತೆಯನ್ನು ತುಂಬುವಾಗ ಮಿತಿ ಮೀರದಂತೆಯೂ ನೋಡಿಕೊಳ್ಳಬೇಕಾಗುತ್ತದೆ.