ಸೈಲೆನ್ಸರ್‌ಗೆ ಮತ್ತೊಂದು ತೇಪೆ ಬೇಡ

ಈ ಸಲವೂ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಸೈಲೆನ್ಸರ್ ತುಕ್ಕಿನದ್ದೇ. ಎಷ್ಟು ಸಲ ಹೇಳಿದರೂ ತೇಪೆ ಹಾಕುವವರ ಮಾತನ್ನೇ ನಂಬುತ್ತೀರಿ. ಹಾಗಾಗಿ ಒಂದೇ ಪ್ರಶ್ನೆಗೆ ಜಾಸ್ತಿ ಜಾಗ ಕೊಡುತ್ತಿದ್ದೇನೆ.

ಪ್ರಶ್ನೆ: ಕಾರಿನ ಸೈಲೆನ್ಸರ್ ತೂತಾಗಿತ್ತು. ವೆಲ್ಡಿಂಗ್ ಮಾಡಿಸಿದ 3 ತಿಂಗಳಿಗೆ ಪಕ್ಕದಲ್ಲೇ ಇನ್ನೊಂದು ತೂತು. ಸದ್ದು ಬಿಟ್ಟರೆ ಬೇರೆ ತೊಂದರೆಯಿಲ್ಲ. ಮತ್ತೆ ವೆಲ್ಡಿಂಗ್ ಸಾಕಾ?

ಉತ್ತರ: ಸಾಲದು. ಬದಲಾಯಿಸಿ. ಸೈಲೆನ್ಸರ್ ಹೆಚ್ಚಾಗಿ ಒಳಗಿನಿಂದಲೇ ಕೊಳೆಯುತ್ತದೆ. 1 ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ 1 ಲೀಟರ್ ನೀರು ಆವಿಯಾಗಿ ಬರುತ್ತದೆ. ದೂರ ಓಡಿಸಿದರೆ ಪೈಪ್ ಚೆನ್ನಾಗಿ ಕಾದು ಆವಿ ಹೊರಗೆ ಹೋಗುತ್ತದೆ. ದಿನಾ 2 ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಅಲ್ಲೇ ತಣಿದು ನೀರಾಗಿ ನಿಲ್ಲುತ್ತದೆ. ಹೊಗೆಯ ಗಂಧಕ, ಸಾರಜನಕ ಅದರಲ್ಲಿ ಬೆರೆತು ಆಮ್ಲವಾಗಿ ತಗಡನ್ನು ತಿನ್ನುತ್ತದೆ. ಹೊರಗೆ ತೂತು ಕಾಣುವ ಹೊತ್ತಿಗೆ ಒಳಗೆಲ್ಲ ಗೆದ್ದಲು ತಿಂದ ಬಾಗಿಲಿನ ಹಾಗಾಗಿರುತ್ತದೆ. ಅದಕ್ಕೆ ವೆಲ್ಡಿಂಗ್ ಹಿಡಿದರೆ ಅಂಚೇ ಕರಗಿ ಹೋಗುತ್ತದೆ.

ನೀವೇ ನೋಡಿ. ಗಾಡಿ ಪೂರ್ತಿ ತಣ್ಣಗಾದ ಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ಸೈಲೆನ್ಸರ್ ತಟ್ಟಿ. ಗಟ್ಟಿ ತಗಡು ಟಣ್ ಅನ್ನುತ್ತದೆ. ಕೊಳೆತದ್ದು ಥಪ್ ಅನ್ನುತ್ತದೆ, ಒಳಗೆ ತುಕ್ಕಿನ ಪುಡಿ ಉದುರುವುದು ಕೇಳುತ್ತದೆ. ಬರೀ ಜಾಕ್ ಮೇಲೆ ಗಾಡಿ ಎತ್ತಿ ಕೆಳಗೆ ನುಸುಳಬೇಡಿ. ಇದನ್ನು ಎಷ್ಟು ಸಲ ಹೇಳಲಿ!

ರಿಪೇರಿಗೆ ಅರ್ಥವಿರುವುದು ಪೈಪಿನ ಒಂದು ತುಂಡು ಮಾತ್ರ ಹೋಗಿದ್ದಾಗ. ಎರಡೂ ಕಡೆ ಗಟ್ಟಿ ಲೋಹ ಸಿಗುವ ತನಕ ಕತ್ತರಿಸಿ ಹೊಸ ತುಂಡು ಸೇರಿಸಬಹುದು. ನೀರಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಮಾತ್ರ ಹಾಕಿಸಬೇಡಿ. ಅದರ ಸತುವಿನ ಹೊಗೆ ಕುಡಿದು ವೆಲ್ಡಿಂಗ್ ಮಾಡುವವನಿಗೆ ಚಳಿಜ್ವರ ಬರುತ್ತದೆ. ಗ್ಯಾಸ್ಕೆಟ್, ಕ್ಲಾಂಪ್, ತೂಗುಹಾಕುವ ರಬ್ಬರ್ ಎಲ್ಲ ಹೊಸದೇ ಇರಲಿ. ರಬ್ಬರ್ ಹರಿದರೆ ಪೈಪಿನ ಭಾರವೆಲ್ಲ ಜಾಯಿಂಟ್ ಮೇಲೆ ಬಿದ್ದು ಅದೇ ಬಿರುಕು ಬಿಡುತ್ತದೆ.

ಇನ್ನು ‘ಬರೀ ಸದ್ದು’ ಅಂದಿರಲ್ಲ, ಅದರ ಬಗ್ಗೆ. ತೂತು ಹೊಗೆಯ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್‌ಗಿಂತ ಮುಂದೆ, ಎಂಜಿನ್ ಕಡೆ ಇದ್ದರೆ ಹೊರಗಿನ ಗಾಳಿ ಒಳಗೆ ಸೇರುತ್ತದೆ. ಪೆಟ್ರೋಲ್ ಕಮ್ಮಿಯಾಯಿತು ಅಂದುಕೊಂಡು ಎಂಜಿನ್ ಕಂಪ್ಯೂಟರ್ ಇನ್ನಷ್ಟು ಸುರಿಸುತ್ತದೆ. ಮೈಲೇಜ್ ಬೀಳುತ್ತದೆ.

ಅದಕ್ಕಿಂತ ದೊಡ್ಡ ಭಯ ಕಾರ್ಬನ್ ಮೊನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ. ಒಮ್ಮೆ ಒಬ್ಬರು ಮಕ್ಕಳಿಗೆ ಕಾರು ಹತ್ತಿದ ಕೂಡಲೇ ತಲೆನೋವು, ವಾಕರಿಕೆ ಅಂತ ಬಂದರು. ಪ್ರಯಾಣ ಆಗಿಬರಲ್ಲ ಅಂತ ತಿಂಗಳುಗಟ್ಟಲೆ ಮಾತ್ರೆ ಕೊಟ್ಟಿದ್ದರಂತೆ. ಕೆಳಗೆ ನೋಡಿದರೆ ಹಿಂದಿನ ಸೀಟಿನ ನೇರಕ್ಕೇ ಪೈಪ್ ಬಾಯಿಬಿಟ್ಟಿತ್ತು. ಮೇಲೆ ನೆಲದ ತಗಡಿನಲ್ಲಿ ಒಂದು ರಬ್ಬರ್ ಬಿರಡೆ ಬಿದ್ದುಹೋಗಿತ್ತು. ನನ್ನ ಕೈ ನಡುಗಿತು. ಕಾರಿನಲ್ಲಿ ತಲೆ ಭಾರ ಅನ್ನಿಸಿದರೆ ತಕ್ಷಣ ನಿಲ್ಲಿಸಿ ಕೆಳಗಿಳಿಯಿರಿ. ರಿಪೇರಿಯಾಗುವ ತನಕ ಆ ಗಾಡಿ ಓಡಿಸಬೇಡಿ.

ಪ್ರಶ್ನೆ: ತೂತಿಗೆ ಎಪಾಕ್ಸಿ ಮೆತ್ತಬಹುದಾ?

ಉತ್ತರ: ಮಾಮೂಲಿ ಎಪಾಕ್ಸಿ ಆ ಬಿಸಿಗೆ ನಿಲ್ಲಲ್ಲ. ಸೈಲೆನ್ಸರ್‌ಗೆಂದೇ ಸಿಗುವ ಪೇಸ್ಟ್ ಕೂಡ ಸ್ವಲ್ಪ ದಿನಕ್ಕಷ್ಟೇ.

ಪ್ರಶ್ನೆ: ಸೈಲೆನ್ಸರ್ ತಳದಲ್ಲಿ ಸಣ್ಣ ದುಂಡು ತೂತಿದೆ, ನೀರು ತೊಟ್ಟಿಕ್ಕುತ್ತದೆ. ಮುಚ್ಚಿಸಲಾ?

ಉತ್ತರ: ಅಚ್ಚುಕಟ್ಟಾಗಿ ದುಂಡಗಿದ್ದರೆ ಅದು ನೀರು ಹೋಗಲಿ ಅಂತಲೇ ಬಿಟ್ಟಿದ್ದು. ಮುಟ್ಟಬೇಡಿ.

ಪ್ರಶ್ನೆ: ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷ ಕಮ್ಮಿ ಮಾಡುವ ಡಬ್ಬಿ) ತೆಗೆಸಿ ಬರೀ ಪೈಪ್ ಹಾಕಿದರೆ ಮೈಲೇಜ್ ಜಾಸ್ತಿಯಾಗುತ್ತದಂತೆ, ನಿಜಾನಾ?

ಉತ್ತರ: ಸುಳ್ಳು. ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತವೆ, ಗುಜರಿಯಲ್ಲಿ ಒಳ್ಳೇ ದುಡ್ಡು ಬರುತ್ತದೆ. ಹೀಗೆ ಹೇಳಿದವನ ಕೈಗೆ ಗಾಡಿ ಕೊಡಬೇಡಿ.