ಓದುಗರ ಪ್ರಶ್ನೆ: ಅಪೋಫಿಸ್ ನಮ್ಮ ಮೇಲೆ ಬೀಳ್ತದಾ?

ಪ್ರಶ್ನೆ: 2029ರ ವಿಷು ಹೊತ್ತಿಗೆ ಅಪೋಫಿಸ್ ಅನ್ನುವ ದೊಡ್ಡ ಕಲ್ಲು ಭೂಮಿಗೆ ಬಡೀತದೆ ಅಂತ ವಾಟ್ಸಾಪಲ್ಲಿ ಬಂದಿದೆ, ಅಮ್ಮ ತುಂಬ ಹೆದರಿದ್ದಾರೆ. ಮೊದಲು ಇಷ್ಟು ಪರ್ಸೆಂಟ್ ಚಾನ್ಸ್ ಉಂಟು ಅಂದವರೇ ಆಮೇಲೆ ಇಲ್ಲ ಅಂದ್ರಂತೆ. ಯಾವುದನ್ನು ನಂಬುವುದು?
(ಬದಿಯಡ್ಕದ ಓದುಗರು)

ಉತ್ತರ: ಅಮ್ಮನಿಗೆ ಮೊದಲು ಹೇಳಿ, ಬೀಳುವುದಿಲ್ಲ. 2029ರಲ್ಲಿ ಮಾತ್ರ ಅಲ್ಲ, ಇನ್ನು ಕಡಿಮೆ ಅಂದ್ರೂ ನೂರು ವರ್ಷಕ್ಕೆ ಇಲ್ಲ. ಹತ್ತಿರ ಬರುವುದು ಮಾತ್ರ ಹೌದು, ಸುಮಾರು 340 ಮೀಟರ್ ಅಗಲದ ಕಲ್ಲು ನೆಲದಿಂದ 32,000 ಕಿಲೋಮೀಟರ್ ದೂರದಲ್ಲಿ, ಅಂದ್ರೆ ನಮ್ಮ ಟಿವಿ ಸ್ಯಾಟಲೈಟ್‌ಗಳಿಗಿಂತಲೂ ಒಳಗಿಂದ ದಾಟಿ ಹೋಗ್ತದೆ.

ಇನ್ನು ಆ ಪರ್ಸೆಂಟ್ ವಿಷಯ. 2004ರ ಜೂನ್‌ನಲ್ಲಿ ಅಮೆರಿಕದ ಅರಿಜೋನಾದಲ್ಲಿರುವ ಕಿಟ್ ಪೀಕ್ ವೀಕ್ಷಣಾಲಯದಿಂದ ಇದನ್ನು ಕಂಡದ್ದು, ಡಿಸೆಂಬರ್ ಹೊತ್ತಿಗೆ ಲೆಕ್ಕ 2.7 ಪರ್ಸೆಂಟ್‌ವರೆಗೆ ಏರಿತು, ಎಲ್ಲರಿಗೂ ಗಾಬರಿ. ಆದ್ರೆ ಪರ್ಸೆಂಟ್ ಏರಿದ್ದು ಕಲ್ಲು ನಮ್ಮ ಕಡೆ ತಿರುಗಿದ್ದಕ್ಕಲ್ಲ. ಅಂಗಳದಲ್ಲಿ ಹರಡಿದ ಟರ್ಪಾಲಿನ ಮೇಲೆ ಒಂದೇ ಒಂದು ಅಡಕೆ ಬಿದ್ದಿದೆ ಅಂತ ಇಟ್ಕೊಳ್ಳಿ, ಟರ್ಪಾಲನ್ನು ಒಂದು ಕಡೆಯಿಂದ ಮಡಚ್ತಾ ಬಂದ ಹಾಗೆ ಉಳಿದ ಜಾಗದಲ್ಲಿ ಆ ಅಡಕೆಯ ಪಾಲು ಹೆಚ್ಚಾಗ್ತಾ ಹೋಗ್ತದೆ, ಮಡಿಕೆ ಅಡಕೆಯನ್ನು ದಾಟಿದ ಕೂಡಲೇ ಪಾಲು ಸೊನ್ನೆ. ಟರ್ಪಾಲು ಅಂದ್ರೆ ಕಲ್ಲು ಬರಬಹುದಾದ ಜಾಗ, ಅಡಕೆ ನಮ್ಮ ಭೂಮಿ. ಹಳೇ ಫೋಟೋಗಳನ್ನು ಹುಡುಕಿದಾಗ 2004ರ ಮಾರ್ಚ್‌ನಲ್ಲೇ ಅದು ಸೆರೆಯಾಗಿದ್ದು ಸಿಕ್ಕಿತು, 2029ರ ಭಯ ಅಲ್ಲಿಗೇ ಮುಗೀತು. ಮತ್ತೆ 2036, 2068ರ ಸಂಶಯ ಉಳಿದಿತ್ತು, 2036ರದ್ದು 2013ರಲ್ಲೇ ಹೋಯ್ತು, 2068ರದ್ದು ಮಾತ್ರ ಬಾಕಿ. 2021ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್ ರಾಡಾರ್ 1.7 ಕೋಟಿ ಕಿಲೋಮೀಟರ್ ದೂರ ಇದ್ದ ಕಲ್ಲಿನ ದಾರಿಯನ್ನು ಸುಮಾರು 150 ಮೀಟರ್ ಆಚೀಚೆಯಷ್ಟು ನಿಖರವಾಗಿ ಅಳೆದದ್ದರಿಂದ ಅದೂ ಹೋಯ್ತು. ಇಷ್ಟು ಜನ ಕೂತು ಇಷ್ಟು ವರ್ಷ ಮಾಡಿದ ಕೆಲಸವನ್ನು ಬಿಟ್ಟು 2004ರ ಅರ್ಧ ಸುದ್ದಿಯನ್ನೇ ಫಾರ್ವರ್ಡ್ ಮಾಡಿ ಹಿರಿಯರನ್ನು ಹೆದರಿಸ್ತಾರಲ್ಲ, ನನಗೆ ತುಂಬ ಬೇಜಾರಾಗ್ತದೆ.

ಪ್ರಶ್ನೆ: ನಮ್ಮ ಊರಿಂದ ಕಾಣ್ತದಾ?
(ಮಂಜೇಶ್ವರದ ವಿದ್ಯಾರ್ಥಿನಿ)

ಉತ್ತರ: ಏಪ್ರಿಲ್ 13ರ ರಾತ್ರಿ ನೋಡಬೇಕು ಮಗೂ, ಬೆಳಗಾಗುವವರೆಗೆ ಕಾಯಬೇಡ. ಅತಿ ಹತ್ತಿರ ಬರುವುದು ನಮ್ಮ ಗಡಿಯಾರದಲ್ಲಿ 14ರ ಬೆಳಗಿನ ಜಾವ ಮೂರೂಕಾಲಕ್ಕೆ, ಆಗ ಅದು ಅಟ್ಲಾಂಟಿಕ್ ಮೇಲೆ, ನಮಗೆ ಮುಳುಗಿ ಆಗಿರ್ತದೆ. ಅದಕ್ಕೆ ಮೊದಲು ಹಿಂದೂ ಮಹಾಸಾಗರದ ಮೇಲಿಂದ ಆಫ್ರಿಕಾ ಕಡೆ ಹೋಗ್ತಾ ಇರುವಾಗ ನಮ್ಮ ಪಾಳಿ. ಅಮಾವಾಸ್ಯೆ ಆಸುಪಾಸು ಆದ್ದರಿಂದ ಚಂದ್ರನ ಬೆಳಕಿನ ತೊಂದರೆ ಇಲ್ಲ, ಮೋಡ ಒಂದು ಬಾರದಿದ್ದರೆ ಸಾಕು. ಬೈನಾಕ್ಯುಲರ್ ಇದ್ರೆ ಇಟ್ಟುಕೋ.

ಪ್ರಶ್ನೆ: ಹೋದದ್ದು ಪುನಃ ಅದೇ ದಾರಿಯಲ್ಲಿ ಬರ್ತದಾ?
(ಕುಂಬಳೆಯ ಓದುಗರು)

ಉತ್ತರ: ಅದೇ ದಾರಿ ಅಲ್ಲ, ಇದೇ ನನಗೆ ಎಲ್ಲಕ್ಕಿಂತ ಇಷ್ಟದ ಸಂಗತಿ. ಈಗ ಸೂರ್ಯನಿಗೆ ಒಂದು ಸುತ್ತು ಬರಲಿಕ್ಕೆ ಸುಮಾರು 324 ದಿನ ಸಾಕು, ನಮ್ಮ ವರ್ಷಕ್ಕಿಂತ ಕಡಿಮೆ. ಹತ್ತಿರ ಬಂದಾಗ ಭೂಮಿಯ ಸೆಳೆತ ಅದರ ದಾರಿಯನ್ನೇ ಬಗ್ಗಿಸಿ ದೊಡ್ಡದು ಮಾಡ್ತದೆ, ಆಮೇಲೆ ಒಂದು ಸುತ್ತಿಗೆ ಒಂದು ವರ್ಷಕ್ಕಿಂತ ಜಾಸ್ತಿ ಬೇಕು. ಸೂರ್ಯನ ಬಿಸಿಯೂ ಸುಮ್ಮನಿರುವುದಿಲ್ಲ, ಕಾದ ಕಲ್ಲು ಶಾಖ ಹೊರಹಾಕುವಾಗ ಆಗುವ ಸಣ್ಣ ನೂಕಿಗೆ ವರ್ಷಕ್ಕೆ ಸುಮಾರು 170 ಮೀಟರ್ ಸರೀತಾ ಇರ್ತದೆ. ಇದನ್ನೆಲ್ಲ ಹತ್ತಿರದಿಂದ ನೋಡಲಿಕ್ಕೆ ಯುರೋಪಿನವರ ರಾಮ್ಸೆಸ್ ನೌಕೆ ತಯಾರಾಗ್ತಾ ಉಂಟು, 2023ರಲ್ಲಿ ಬೆನ್ನು ಅನ್ನುವ ಇನ್ನೊಂದು ಇಂಥದ್ದೇ ಕಲ್ಲಿನ ಮಣ್ಣು ತಂದುಕೊಟ್ಟ ನಾಸಾದ ನೌಕೆ ಈಗಾಗಲೇ ಅಪೋಫಿಸ್ ಕಡೆ ಹೊರಟಾಗಿದೆ.