ಮೊಸರನ್ನ, ಮಂಡಕ್ಕಿ ಬಿಟ್ಟು ಬೇರೇನೂ ಮುಟ್ಟದ ಮಗಳು

ಎರಡೂವರೆ ವರ್ಷದ ಮಗಳಿಗೆ ಮೊಸರನ್ನ, ಮಂಡಕ್ಕಿ ಬಿಟ್ಟರೆ ಬೇರೇನೂ ಬೇಡ, ಪಲ್ಯ ಕಂಡರೆ ತುಟಿ ಬಿಗಿ ಹಿಡಿಯುತ್ತಾಳೆ ಅಂತ ಬರೆದಿದ್ದೀರಿ. ಇದು ನಿಮ್ಮ ತಪ್ಪಲ್ಲ ಅಕ್ಕಾ. ಎರಡರಿಂದ ಆರು ವರ್ಷದೊಳಗೆ ಹೊಸ ತಿನಿಸಿಗೆ ಹಿಂಜರಿಯುವುದು ಬಹಳ ಮಕ್ಕಳಲ್ಲಿ ಇದ್ದದ್ದೇ. ವರ್ಷ ತುಂಬಿದ ಮೇಲೆ ಬೆಳವಣಿಗೆ ನಿಧಾನವಾಗುತ್ತದೆ, ಹಸಿವೂ ಇಳಿಯುತ್ತದೆ.

ಹೀರೇಕಾಯಿ ಎರಡು ಸಲ ಕೊಟ್ಟು ಬಿಟ್ಟೆ ಅಂದಿದ್ದೀರಲ್ಲ, ಬೇಗ ಕೈಬಿಟ್ಟಿರಿ. ಒಂದು ರುಚಿ ಒಗ್ಗಲು ಎಂಟು-ಹತ್ತು ಸಲ ಬೇಕು, ಕೆಲವರಿಗೆ 15 ಸಲವೂ ಆಗಬಹುದು. ದಾವಣಗೆರೆಯ ನಮ್ಮ ಮನೆಯಲ್ಲಿ ಮೂರು ವಾರ ಪಲ್ಯ ಮಗನ ತಟ್ಟೆಯ ಅಂಚಲ್ಲೇ ಒಣಗಿತು. ಜೋಳದ ರೊಟ್ಟಿ ತಟ್ಟುವಾಗ ಅವನ ಕೈಗೂ ಒಂದು ಸಣ್ಣ ಉಂಡೆ ಕೊಡುತ್ತಿದ್ದೆ, ಒಂದು ದಿನ ತಾನೇ ತಟ್ಟಿದ, ಒಂದು ಕಡೆ ದಪ್ಪ ಒಂದು ಕಡೆ ಹರಿದಿದ್ದ, ಅಂಗೈಯಗಲದ ರೊಟ್ಟಿಯನ್ನು ಪಲ್ಯಕ್ಕೆ ಒತ್ತಿಕೊಂಡು ತಿಂದುಬಿಟ್ಟ. ನಾನು ಉಸಿರೆತ್ತಲಿಲ್ಲ, ಹೊಗಳಿದರೂ ನಿಲ್ಲಿಸಿಬಿಡುತ್ತಾನೇನೋ ಅಂತ ಭಯ!

ಮಂಡಕ್ಕಿ ನಿಲ್ಲಿಸಬೇಡಿ. ಅದನ್ನೇ ನೆನೆಸಿ ಒಗ್ಗರಣೆ ಹಾಕಿ, ಸಣ್ಣಗೆ ತುರಿದ ಕ್ಯಾರೆಟ್ ಬೇಯಿಸಿ ಸ್ವಲ್ಪ ಸೇರಿಸಿ. ಶೇಂಗಾ ಮಾತ್ರ ಇಡಿಯಾಗಿ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಪುಡಿ ಮಾಡಿ ಹಾಕಿ. ‘ಪಲ್ಯ ತಿಂದರೆ ಚಾಕ್ಲೇಟ್’ ಅನ್ನಬೇಡಿ, ಪಲ್ಯ ಶಿಕ್ಷೆ ಅನಿಸುತ್ತದೆ. ಹಾಲು ಎಷ್ಟು ಕುಡಿಯುತ್ತಾಳೆ ನೋಡಿ, ದಿನಕ್ಕೆ ಅರ್ಧ ಲೀಟರ್ ದಾಟಿದರೆ ಊಟಕ್ಕೆ ಹಸಿವೇ ಇರಲ್ಲ, ಕಬ್ಬಿಣಾಂಶವೂ ಕಡಿಮೆಯಾಗಬಹುದು.

ತೂಕ ಇಳಿಯುತ್ತಿದ್ದರೆ, ನುಂಗುವಾಗ ಪದೇ ಪದೇ ಕೆಮ್ಮಿದರೆ ಮಾತ್ರ ಕಾಯಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ.